ಕುಂಬಳಕಾಯಿಗೆ ಮೊದಲ ಚೂರಿ

ಕಾಪು ಪೇಟೆಯಲ್ಲಿ ಬಸ್ಸಿಳಿದು ಬರೀ ದೇವದಾಸನ ಮನೆ ಎಲ್ಲಿ ಎಂದು ಕೇಳಿದರೆ ರಿಕ್ಷಾದವರು ತಲೆ ಕೆರೆದುಕೊಳ್ಳುತ್ತಾರೆ. ಹಂಸದ ದೇವದಾಸ ಎನ್ನಬೇಕು. ಆಗ, "ಓ, ಕುಶಲಕ್ಕನ ಗಂಡನಾ?" ಎಂದು ಕೇಳಿ ರಿಕ್ಷಾ ತಿರುಗಿಸುತ್ತಾರೆ. ಈ ಎರಡನೆಯ ಮಾತೇ ದೇವದಾಸನ ಹೊಟ್ಟೆಗೆ ಬಿದ್ದ ಬೆಂಕಿ. ಮೊದಲು ಯಾರೂ ಹೀಗೆ ಕೇಳುತ್ತಿರಲಿಲ್ಲ.

ಮೊದಲು ಎಂದರೆ, ಉಡುಪಿಯಿಂದ ಕಾರ್ಕಳದವರೆಗೆ ಯಾವ ಹಾಲಿನಲ್ಲಿ ಮದುವೆಯಾದರೂ ಊಟದ ಮೇಜಿನ ನಡುವೆ ಬೂದುಗುಂಬಳದ ಹಂಸವೊಂದು ಕತ್ತು ಕೊಂಕಿಸಿ ಕುಳಿತಿರಬೇಕು, ಆ ಹಂಸ ದೇವದಾಸನದೇ ಆಗಿರಬೇಕು ಎಂಬ ಕಾಲ. ಕಲ್ಲಂಗಡಿಯ ಹಸಿರು ಸಿಪ್ಪೆ, ಅದರೊಳಗಿನ ಬಿಳಿ, ಅದರೊಳಗಿನ ಕೆಂಪು, ಮೂರೂ ಕಾಣುವ ಹಾಗೆ ಗುಲಾಬಿ ಬಿಡಿಸುವುದು, ಪಪ್ಪಾಯಿಯಲ್ಲಿ ಮೀನು ಕೆತ್ತುವುದು, ಕ್ಯಾರೆಟ್ಟಿನ ಹೂವನ್ನು ಐಸ್ ನೀರಿನಲ್ಲಿ ಮುಳುಗಿಸಿ ಅರಳಿಸುವುದು, ಇದೆಲ್ಲ ಅವನು ಹುಡುಗನಾಗಿದ್ದಾಗ ಮುಂಬೈಯ ಹೋಟೆಲೊಂದರ ಅಡುಗೆಮನೆಯಲ್ಲಿ ಕಲಿತದ್ದು. ಊರಿಗೆ ಬರುವಾಗ ಬಟ್ಟೆಯ ಸುರುಳಿಯಲ್ಲಿ ಕಟ್ಟಿದ ಚೂರಿಗಳನ್ನು ತಂದಿದ್ದ. ಊರಿನವರು ಅಲ್ಲಿಯವರೆಗೆ ತರಕಾರಿಯನ್ನು ಸಾಂಬಾರಿಗೆ ಮಾತ್ರ ಹೆಚ್ಚುತ್ತಿದ್ದವರು. ಹಂಸ ಕಂಡು ಬೆರಗಾದರು. ದೇವದಾಸನೂ ತನ್ನನ್ನು ಕಂಡು ಬೆರಗಾದ. ಆ ಬೆರಗು ಊರಿಗೆ ಬೇಗ ಇಳಿಯಿತು, ಅವನಿಗೆ ಇಳಿಯಲೇ ಇಲ್ಲ.

ಕುಶಲಾ ಕಟಪಾಡಿಯ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕೆಲಸ ಕೆತ್ತಿದ ಸಿಪ್ಪೆಗಳನ್ನು ಬುಟ್ಟಿಗೆ ತುಂಬುವುದು, ಹೂವುಗಳಿಗೆ ಒದ್ದೆ ಬಟ್ಟೆ ಹೊದಿಸುವುದು. ಒಂದು ದಿನ ಮೂಲಂಗಿ ಹೆಚ್ಚು ಉಳಿದಿತ್ತು. "ನಾನೊಂದು ನೋಡಲಾ?" ಎಂದಳು. ದೇವದಾಸ ನಕ್ಕು, ಅಂಗಿಯ ಕಿಸೆಯಿಂದ ಬಾಲ್ ಪೆನ್ನು ತೆಗೆದು ಮೂಲಂಗಿಯ ಮೇಲೊಂದು ಗೆರೆ ಎಳೆದ. ಗೆರೆಯ ತುದಿಗೆ ಚಿಕ್ಕದೊಂದು ಅಡ್ಡಗೆರೆ.

"ಚೂರಿ ಇಲ್ಲಿಯವರೆಗೆ ಮಾತ್ರ ಬರಬೇಕು. ಅಡ್ಡಗೆರೆ ದಾಟಿದರೆ ಹೂವು ಹೋಯ್ತು, ಮೂಲಂಗಿಯೂ ಹೋಯ್ತು, ಗೊತ್ತಾಯ್ತಾ?"

ಅವಳು ದಾಟಲಿಲ್ಲ. ನಂಬಿಕೆ ಬರುವವರೆಗೆ ಕೈಗೆ ಗೆರೆ ಹಾಕಿಕೊಡಬೇಕು ಎಂಬುದು ಅವನ ಗುರು ಹೇಳಿಕೊಟ್ಟ ಪಾಠ. ಹಾಗಾಗಿ ಬಹಳ ದಿನ ಅವಳ ಪಾಲಿನ ಪ್ರತಿ ಕಾಯಿಯ ಮೇಲೂ ಆ ನೀಲಿ ಗೆರೆ ಇರುತ್ತಿತ್ತು. ಯಾವಾಗ ಅದು ನಿಂತಿತೋ ಇಬ್ಬರಿಗೂ ನೆನಪಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕುಶಲಾ ಇಂದಿಗೂ ಗಂಡನ ಕೈ ಕಾಯುವವಳು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಚೂರಿ ಹಾಕಬಾರದು. ಅವಳ ಅಜ್ಜಿ ಹಾಕಿದ್ದಿಲ್ಲ, ಅಮ್ಮ ಹಾಕಿದ್ದಿಲ್ಲ. ಮನೆಯ ಗಂಡಸು ತೊಟ್ಟಿನ ಹತ್ತಿರ ಒಂದು ಕಚ್ಚು ಹಾಕಿ ಕೊಟ್ಟರೆ ಸಾಕು, ಆಮೇಲೆ ಅದನ್ನು ಹೆಂಗಸರು ಹುಳಿಗೆ ಹೆಚ್ಚಲಿ, ಪಲ್ಯಕ್ಕೆ ಹೆಚ್ಚಲಿ, ಕೇಳುವವರಿಲ್ಲ. ಯಾಕೆ ಎಂದು ಮಗಳು ತೃಷಾ ಕೇಳಿದ್ದುಂಟು. "ಮಾಡಬಾರದು ಅಂದರೆ ಮಾಡಬಾರದು" ಎಂದು ಕುಶಲಾ ಹೇಳಿದ್ದಳು. ಮಣಿಪಾಲದಲ್ಲಿ ಕೆಲಸ ಮಾಡುವ ಮಗಳಿಗೆ ಅದು ಉತ್ತರವಾಗಿ ಕಾಣಲಿಲ್ಲ. ದೇವದಾಸ ಮನೆಯಲ್ಲಿಲ್ಲದ ದಿನ ಕುಂಬಳಕಾಯಿ ಹಾಗೆಯೇ ಮೂಲೆಯಲ್ಲಿ ಕುಳಿತಿರುತ್ತಿತ್ತು.

ಹೊಟ್ಟೆಕಿಚ್ಚು ಶುರುವಾದದ್ದು ಕಾರ್ಕಳದ ಒಂದು ಮದುವೆಯಲ್ಲಿ. ಆ ದಿನ ದೇವದಾಸನ ಹಂಸ ಎಂದಿನಂತೆ ಮೇಜಿನ ನಡುವೆ ಕುಳಿತಿತ್ತು. ಕುಶಲಾ ಬದಿಯಲ್ಲಿ ಕುಳಿತು ಮೂಲಂಗಿಯಲ್ಲಿ ಮಲ್ಲಿಗೆ ಮೊಗ್ಗುಗಳನ್ನು ಕೆತ್ತಿ, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಶಂಕರಪುರದ ಮಲ್ಲಿಗೆ ಮಾಲೆಯ ಅಟ್ಟಿಯ ಹಾಗೆ ಬಾಳೆಲೆಯ ಮೇಲಿಟ್ಟಿದ್ದಳು. ಮಟ್ಟುಗುಳ್ಳ ಬದನೆಯನ್ನು ಗಿಳಿ ಮಾಡಿ, ಕಪ್ಪಾಗದಂತೆ ಲಿಂಬೆ ನೀರಿನಲ್ಲಿ ಅದ್ದಿ, ಅದರ ಪಕ್ಕ ಕೂರಿಸಿದ್ದಳು. ಮದುಮಗಳ ತಾಯಿ ಮೇಜಿನ ಬಳಿ ಬಂದರು. ಹಂಸವನ್ನು ದಾಟಿ ಹೋದರು. ಮಲ್ಲಿಗೆಯ ಹತ್ತಿರ ಬಗ್ಗಿದರು. ಬಗ್ಗಿ ಮೂಸಿ ನೋಡಿದರು.

"ಅಯ್ಯೋ ದೇವರೇ, ಇದು ಮೂಲಂಗಿಯಾ!" ಎಂದು ಅವರು ನಕ್ಕದ್ದು ಹಾಲಿಗೆಲ್ಲ ಕೇಳಿತು. ಜನ ಮುತ್ತಿದರು. ಮೊಬೈಲುಗಳು ಎದ್ದವು. ಒಬ್ಬ ಹುಡುಗ ಫೋಟೋ ಸರಿಯಾಗಿ ಬರಲೆಂದು ಹಂಸವನ್ನೇ ಸ್ವಲ್ಪ ಆಚೆ ಸರಿಸಿದ.

ಆಚೆ ಸರಿಸಿದ! ದೇವದಾಸ ಎಷ್ಟೋ ದಿನ ಇದೊಂದನ್ನೇ ಮೆಲುಕು ಹಾಕಿದ. ಇಷ್ಟು ವರ್ಷಗಳಲ್ಲಿ ಹಂಸವನ್ನು ಹೊಗಳಿದವರು ಸಾವಿರ ಮಂದಿ ಇರಬಹುದು, ಆದರೆ ಅದು ಈಜೀತೇನೋ ಎಂದು ಯಾರೂ ಕಾದು ನೋಡಿರಲಿಲ್ಲ. ಇವಳ ಮೂಲಂಗಿಯನ್ನು ಮೂಸುತ್ತಾರಲ್ಲ! ಮನೆಗೆ ಹೋಗುವ ದಾರಿಯಲ್ಲಿ ಕುಶಲಾ ಖುಷಿಯಿಂದ ಏನೋ ಹೇಳುತ್ತಿದ್ದಳು. ಅವನು, "ಮೊಗ್ಗಿನ ತೊಟ್ಟು ಸ್ವಲ್ಪ ದಪ್ಪ ಆಯ್ತು" ಎಂದ. ತೊಟ್ಟು ದಪ್ಪವಾಗಿರಲಿಲ್ಲ. ಅವನಿಗೂ ಗೊತ್ತಿತ್ತು.

ಹೆಂಡತಿಯ ಮೇಲೆ ಹೊಟ್ಟೆಕಿಚ್ಚುಪಡುವುದು ಸುಲಭದ ಕೆಲಸವಲ್ಲ. ಪಕ್ಕದ ಮನೆಯವನ ಮೇಲಾದರೆ ಬಾಗಿಲು ಹಾಕಿಕೊಂಡು ಬೈಯಬಹುದು. ಇಲ್ಲಿ ಅದೇ ಹೆಂಡತಿ ಬಡಿಸಿದ ಅನ್ನ ಉಣ್ಣಬೇಕು, ಅವಳು ಒಗೆದ ಅಂಗಿ ತೊಡಬೇಕು, ಅವಳ ಕೆಲಸಕ್ಕೆ ಬಂದ ಹೊಗಳಿಕೆಗೆ ಗಂಡನಾಗಿ ಹಲ್ಲು ಬಿಡಬೇಕು. ದೇವದಾಸ ಅಷ್ಟನ್ನೂ ಮಾಡಿದ. ಆದರೆ ಹಲ್ಲಿನ ಹಿಂದೆ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಅವನ ಫೋನಿಗೆ ಕರೆ ಬರುತ್ತಿತ್ತು.

"ದೇವಣ್ಣ, ಮೆಹಂದಿ ಕಾರ್ಯಕ್ರಮ ಉಂಟು ಮಾರಾಯ್ರೆ. ಆ ಮಲ್ಲಿಗೆ ಮಾಡುವ ಅಕ್ಕ ಬರ್ತಾರಾ?"

"ಅವಳಿಗೆ ಸೊಂಟನೋವು. ನಾನು ಬರ್ತೇನೆ, ಹಂಸ ಮಾಡುವ."

"ಹೌದಾ? ಹಾಗಾದರೆ ನೋಡಿ ಹೇಳ್ತೇವೆ ಆಯ್ತಾ."

ನೋಡಿ ಹೇಳುವವರು ಯಾರೂ ಮತ್ತೆ ಹೇಳಲಿಲ್ಲ. ಕುಶಲಾಳ ಸೊಂಟ ಗಟ್ಟಿಮುಟ್ಟಾಗಿಯೇ ಇತ್ತು. ಒಮ್ಮೆ ಅವಳ ತೆಳು ಚೂರಿ ಕಾಣೆಯಾಗಿ ಅಕ್ಕಿಡಬ್ಬಿಯ ಹಿಂದೆ ಸಿಕ್ಕಿತು. ಇನ್ನೊಮ್ಮೆ ಐಸು ತರಲು ಹೋದವನು ಹೂವೆಲ್ಲ ಬಾಡಿದ ಮೇಲೆ ಬಂದ. ಟ್ರಾಫಿಕ್ ಎಂದ. ಕಟಪಾಡಿಯ ಜಂಕ್ಷನ್ನಿನ ಮೇಲೆ ತಪ್ಪು ಹೊರಿಸಿದರೆ ಯಾರೂ ಅನುಮಾನಿಸುವುದಿಲ್ಲ. ಕುಶಲಾ ಬಾಡಿದ ಹೂವುಗಳನ್ನು ಎಸೆದು, ಸೌತೆಕಾಯಿ ತೆಗೆದುಕೊಂಡು ಎಲೆಗಳನ್ನು ಕೆತ್ತಲು ಕುಳಿತಳು. ಅವಳು ಬೈದಿದ್ದರೆ ಅವನು ಜಗಳವಾಡಿ ಹಗುರಾಗುತ್ತಿದ್ದ.

ಇಷ್ಟಾದರೂ ಒಂದು ಮೇಜು ಮಾತ್ರ ತನ್ನದೇ ಎಂದು ದೇವದಾಸ ನೆಚ್ಚಿಕೊಂಡಿದ್ದ. ಅದು ಸೆಲೀನ್ ಬಾಯಿಯ ಮನೆಯ ಕ್ರಿಸ್ಮಸ್ ಮೇಜು. ಸೆಲೀನ್ ಬಾಯಿಯ ಗಂಡ ಲೂಯಿಸರು, ಊರಿನವರ ಗೌರವದ ಮಾತಿನಲ್ಲಿ ಲೂಯಿಸ್ ಪೊರ್ಬುಗಳು, ಕುವೈತಿನಲ್ಲಿ ದುಡಿದು ಬಂದು ಕಾಪುವಿನಲ್ಲಿ ಮನೆ ಕಟ್ಟಿಸಿದವರು. ಆ ಮನೆಯ ಗೃಹಪ್ರವೇಶದ ದಿನ ಮೇಜು ಅಲಂಕರಿಸಿದವನು ದೇವದಾಸ. ಅಲ್ಲಿಂದ ಪ್ರತಿ ಕ್ರಿಸ್ಮಸ್ಸಿಗೂ ಅವನದೇ ಹಂಸ, ಅವನದೇ ಕಲ್ಲಂಗಡಿ ಬುಟ್ಟಿ. ಬಂದ ನೆಂಟರಿಗೆಲ್ಲ ಪೊರ್ಬುಗಳು, "ಇದು ನಮ್ಮ ದೇವಣ್ಣನ ಕೈ" ಎಂದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಆ ಒಂದು ಮಾತಿಗಾಗಿ ದೇವದಾಸ ವರ್ಷವಿಡೀ ಕಾಯುತ್ತಿದ್ದ. ಬೇರೆಲ್ಲ ಮೇಜುಗಳು ಹೋಗಲಿ, ಈ ಮೇಜು ಇರುವವರೆಗೆ ತಾನು ಹಂಸದ ದೇವದಾಸನೇ ಎಂದು ಸಮಾಧಾನಪಟ್ಟುಕೊಂಡಿದ್ದ.

ಡಿಸೆಂಬರಿನಲ್ಲಿ ಸೆಲೀನ್ ಬಾಯಿ ತಾವೇ ಮನೆಗೆ ಬಂದರು. ಕುಶಲಾ ಚಾ ಮಾಡಲು ಒಳಗೆ ಹೋದಳು. ದೇವದಾಸ ಚೂರಿಗಳ ಸುರುಳಿ ಬಿಚ್ಚಿ ಸಾಣೆ ಹಿಡಿಯುತ್ತ ಕುಳಿತಿದ್ದ.

"ದೇವಣ್ಣ, ಈ ಸಲ ನಮ್ಮ ಮಗ ಬ್ರಯಾನ್ ಬರ್ತಾನೆ. ಹೆಂಡತಿ ಮೆಲಿಷಾಳಿಗೆ ನಮ್ಮ ಮನೆಯಲ್ಲಿ ಇದು ಮೊದಲ ಕ್ರಿಸ್ಮಸ್. ಅವಳು ಮೊಬೈಲಿನಲ್ಲಿ ಕುಶಲಾಳ ಮಲ್ಲಿಗೆ ನೋಡಿದ್ದಾಳಂತೆ."

ದೇವದಾಸನ ಸಾಣೆ ನಿಂತಿತು. ಅಮ್ಮನ ಕೆಲಸದ ವೀಡಿಯೋ ಹಾಕಿದವಳು ತೃಷಾ. ಅವನ ಹಂಸದ ವೀಡಿಯೋವನ್ನೂ ಹಾಕಿದ್ದಳು. ಅದನ್ನು ಯಾರು ನೋಡಿದರೋ.

"ನಾನು ಹೇಳುವುದು ಎಂತ ಅಂದರೆ, ಈ ಸಲ ಮೇಜು ಕುಶಲಾ ಮಾಡಲಿ. ನನಗೆ ಕುಂಬಳಕಾಯಿಯ ಒಳಗೆ ಒಂದು ಗೋದಲಿ ಬೇಕು. ಬಾಲಯೇಸು, ಮರಿಯಮ್ಮ, ಕುರಿ, ಎಲ್ಲ. ಕುಂಬಳಕಾಯಿ ನಮ್ಮ ಮನೆಯದ್ದೇ ಉಂಟು. ನಮ್ಮ ಅತ್ತೆ ಕಾಪಾಡಿಕೊಂಡು ಬಂದ ಬೀಜದ್ದು. ಅವರು ಹೋದ ಮೇಲೆ ಬಳ್ಳಿಯಲ್ಲಿ ಒಂದೇ ಕಾಯಿ ಒಳ್ಳೆಯದು ಬಂತು, ತೆಗೆದಿಟ್ಟಿದ್ದೇನೆ. ನೀವೂ ಬನ್ನಿ, ಅವಳಿಗೆ ಸ್ವಲ್ಪ ಸಹಾಯ ಆಗ್ತದೆ ಅಲ್ವಾ?"

ಸಹಾಯ. ಸೆಲೀನ್ ಬಾಯಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಳ್ಳೆಯ ಮನಸ್ಸಿನವರ ಮಾತು ತಾಗಿದಷ್ಟು ಕೆಟ್ಟವರದು ತಾಗುವುದಿಲ್ಲ. ದೇವದಾಸ, "ಅದಕ್ಕೆಂತ, ಬರುವ" ಎಂದ. ಕುಶಲಾ ಚಾ ತಂದಿಟ್ಟಾಗ ಅದರಲ್ಲಿ ಸಕ್ಕರೆ ಸಾಲದೆಂದು ಗೊಣಗಿದ. ಸಿಪ್ಪೆ ಬುಟ್ಟಿಗೆ ತುಂಬುತ್ತಿದ್ದವಳಿಗೆ ಈಗ ತಾನು ಸಿಪ್ಪೆ ತುಂಬಿಕೊಡಬೇಕು. ಚೂರಿ ಹಿಡಿಯಲು ಕಲಿಸಿದವನು ಯಾರು? ಗೆರೆ ಎಳೆದುಕೊಟ್ಟವನು ಯಾರು?

ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ರಿಕ್ಷಾದಲ್ಲಿ ತರಕಾರಿ ಚೀಲಗಳೊಡನೆ ಹೋದರು. ಸೆಲೀನ್ ಬಾಯಿಯ ಅಡುಗೆಮನೆಯಲ್ಲಿ ಕಿಡಿಯೊ, ನೆವ್ರಿ ಮುಂತಾದ ಕ್ರಿಸ್ಮಸ್ ತಿಂಡಿಗಳು ಡಬ್ಬಿ ತುಂಬಿ, ಮನೆಯಿಡೀ ಎಣ್ಣೆ ಬೆಲ್ಲದ ವಾಸನೆ. ಹಿಂದಿನ ಜಗಲಿಯಲ್ಲಿ ಕುಶಲಾಳಿಗೆ ಜಾಗ ಮಾಡಿದ್ದರು. ಅವಳು ಕುಳಿತವಳು ಏಳಲಿಲ್ಲ. ಹೂಕೋಸಿನ ಚೂರುಗಳಿಗೆ ಕರಿಮೆಣಸಿನ ಕಣ್ಣು ಇಟ್ಟಳು, ಕುರಿಗಳಾದವು. ಗೆಣಸಿನಲ್ಲಿ ಕತ್ತೆ ಎದ್ದಿತು. ಮೂಲಂಗಿಯಲ್ಲಿ ಮರಿಯಮ್ಮ, ಕ್ಯಾರೆಟ್ಟಿನಲ್ಲಿ ಜೋಸೆಫರು, ಎಳೆಎಳೆಯಾಗಿ ಹೆಚ್ಚಿದ ಪಪ್ಪಾಯಿಕಾಯಿಯಲ್ಲಿ ಹುಲ್ಲು. ಕೊಬ್ಬರಿಯ ತುಂಡೊಂದರಲ್ಲಿ ಹೆಬ್ಬೆರಳಿನಷ್ಟು ಬಾಲಯೇಸು. ಮೆಲಿಷಾ ಬಂದು ಒಂದು ಕುರಿಯನ್ನು ಅಂಗೈಯಲ್ಲಿಟ್ಟುಕೊಂಡು, ಕೆಳಗಿಡಲು ಮನಸ್ಸಿಲ್ಲದೆ ಮನೆಯಿಡೀ ತಿರುಗಿದಳು. ದೇವದಾಸ ಕಲ್ಲಂಗಡಿಯಲ್ಲಿ ಬುಟ್ಟಿ ಮಾಡುತ್ತಿದ್ದ. ಯಾರೂ ಬುಟ್ಟಿಯ ಕಡೆ ತಿರುಗಲಿಲ್ಲ. ಅವಳ ಬೆರಳುಗಳು ಹೋಗುವ ರೀತಿಯನ್ನು ಅವನು ಓರೆಗಣ್ಣಿನಿಂದ ನೋಡುತ್ತಿದ್ದ. ಎಲ್ಲಿಯೂ ಗೆರೆಯಿಲ್ಲ, ಗುರುತಿಲ್ಲ. ಎಲ್ಲಿ ನಿಲ್ಲಬೇಕೆಂದು ಚೂರಿಗೇ ಗೊತ್ತಿದ್ದ ಹಾಗೆ ಇತ್ತು. ತನ್ನ ಕೈಗೆ ಅದು ಯಾವತ್ತೂ ಹಾಗೆ ಒಲಿದಿರಲಿಲ್ಲ ಎಂದು ಅವನಿಗೆ ಆ ಜಗಲಿಯಲ್ಲಿ ಕುಳಿತೇ ಗೊತ್ತಾಯಿತು. ಗೊತ್ತಾದದ್ದರಿಂದ ಹೊಟ್ಟೆ ತಣ್ಣಗಾಗಲಿಲ್ಲ, ಇನ್ನಷ್ಟು ಉರಿಯಿತು.

ಕೊನೆಗೆ ಕುಂಬಳಕಾಯಿ ಬಂತು. ಬೂದಿ ಮೆತ್ತಿದ ದೊಡ್ಡ ಕಾಯಿ, ಲೂಯಿಸ್ ಪೊರ್ಬುಗಳು ಮಗುವನ್ನು ಎತ್ತಿಕೊಂಡಂತೆ ತಂದರು. ಕುಶಲಾ ಅದರ ಒಂದು ಮಗ್ಗುಲನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಬೂದಿ ಹೋಗಿ ಕಡುಹಸಿರು ಮೈ ಹೊಳೆಯಿತು. ಅದು ಮುಂಭಾಗ, ಎಲ್ಲರೂ ನೋಡುವ ಮುಖ.

"ಕೇಳಿದ್ರಾ, ಒಂದು ಚೂರಿ ಹಾಕಿಕೊಡಿ" ಎಂದು ಗಂಡನನ್ನು ಕರೆದಳು.

"ಅದಕ್ಕೆ ದೇವಣ್ಣನೇ ಯಾಕೆ? ನಾನೂ ಗಂಡಸೇ ಅಲ್ವಾ ಮಾರಾಯ್ತಿ, ಕೊಡು ಚೂರಿ" ಎಂದು ಪೊರ್ಬುಗಳು ನಕ್ಕರು.

ಸೆಲೀನ್ ಬಾಯಿ ಅವರ ಕೈ ಹಿಡಿದು ತಡೆದರು. "ನೀವು ಸುಮ್ಮನಿರಿ. ನಮ್ಮ ಅಮ್ಮನೂ ಅಪ್ಪನನ್ನೇ ಕರೀತಿದ್ದದ್ದು. ಪಾದ್ರಿಗಳು ಕೇಳಿದರೆ ನಗ್ತಾರೆ ಅಂತ ಹೊರಗೆ ಹೇಳ್ತಿರಲಿಲ್ಲ ಅಷ್ಟೇ."

ಕುಶಲಾ ಅತ್ತ ತಿರುಗಲಿಲ್ಲ. "ನನಗೆ ಇವರೇ ಹಾಕಬೇಕು" ಎಂದಳು. ಚೂರಿಯ ಹಿಡಿಯನ್ನು ಗಂಡನ ಕಡೆಗೆ ಚಾಚಿದಳು.

ಹಾಕಬೇಕಾದದ್ದು ತೊಟ್ಟಿನ ಬಳಿ ಒಂದು ಸಣ್ಣ ಕಚ್ಚು, ಉಗುರಿನಷ್ಟು. ದೇವದಾಸ ಚೂರಿ ತೆಗೆದುಕೊಂಡ. ಕಾಯಿಯ ಹೊಳೆಯುವ ಮುಖ ನೋಡಿದ. ನಾಳೆ ಈ ಮುಖದ ಮುಂದೆ ನಿಂತು ಜನ ಏನೇನು ಹೇಳುತ್ತಾರೆ ಎಂಬುದೆಲ್ಲ ಅವನಿಗೆ ಈಗಲೇ ಕೇಳಿಸುತ್ತಿತ್ತು. ಪೊರ್ಬುಗಳ ಕೈ ಯಾರ ಕಡೆಗೆ ಚಾಚುತ್ತದೆ, ಅವರು ಯಾರ ಹೆಸರು ಹೇಳುತ್ತಾರೆ ಎಂಬುದೂ ಕಾಣುತ್ತಿತ್ತು. ಒಂದು ಉಸಿರು ಅಷ್ಟೇ. ಚೂರಿಯನ್ನು ಮುಖದ ಮೇಲ್ಭಾಗದಲ್ಲಿ ಹಿಡಿಯವರೆಗೆ ಇಳಿಸಿ, ಮೇಲಿನಿಂದ ಓರೆಯಾಗಿ ನಡುವಿನವರೆಗೆ ಸೀಳಿ ಎಳೆದ.

ಹಸಿರು ಮೈಯ ಮೇಲೆ ಬೆಳ್ಳಗಿನ ಗಾಯ ಬಾಯಿಬಿಟ್ಟಿತು.

"ಅಯ್ಯಯ್ಯೋ!" ಎಂದರು ಸೆಲೀನ್ ಬಾಯಿ. ಅವರ ಕೈ ತಾನಾಗಿ ಎದೆಗೆ ಹೋಯಿತು. "ನಮ್ಮ ಅತ್ತೆಯ ಕಾಯಿ…"

"ಚೂರಿ ಜಾರಿತು" ಎಂದ ದೇವದಾಸ. "ಕಾಯಿ ಒದ್ದೆ ಇತ್ತು ನೋಡಿ, ಜಾರಿತು."

ಕುಶಲಾ ಗಾಯವನ್ನು ನೋಡಿದಳು. ಆಮೇಲೆ ಚೂರಿ ಹಿಡಿದ ಅವನ ಕೈಯನ್ನು ನೋಡಿದಳು. ಮದುವೆಯಾದಂದಿನಿಂದ ಅವಳು ಆ ಕೈಯನ್ನು ನೋಡುತ್ತ ಬಂದವಳು. ಒದ್ದೆ ಕಲ್ಲಂಗಡಿಯ ಮೇಲೆ, ಐಸು ಹಿಡಿದು ಮರಗಟ್ಟಿದ ಬೆರಳುಗಳಲ್ಲಿ, ಜ್ವರ ಬಂದ ದಿನಗಳಲ್ಲಿಯೂ ಅದು ಜಾರಿದ್ದನ್ನು ಕಂಡಿರಲಿಲ್ಲ.

"ಆಯ್ತು, ಬಿಡಿ" ಎಂದಳು. ಅವನ ಕೈಯಿಂದ ಚೂರಿ ತೆಗೆದುಕೊಂಡು ಒರೆಸಿದಳು. "ನೀವು ಬೇಕಾದರೆ ಮನೆಗೆ ಹೋಗಿ. ಇನ್ನು ನಾನೇ ಮಾಡ್ತೇನೆ."

ದೇವದಾಸ ಮನೆಗೆ ಹೋಗಲಿಲ್ಲ, ಕಡಲ ಬದಿಯ ದೀಪಸ್ತಂಭದ ಕಡೆ ಹೋಗಿ ಕಲ್ಲಿನ ಮೇಲೆ ಕುಳಿತ. ಮೊದಲು ಎದೆಯಲ್ಲಿ ಒಂದು ಬಗೆಯ ಹಗುರ. ಈಗ ಏನು ಮಾಡುತ್ತಾಳೋ ಮಾಡಲಿ! ಬೇರೆ ಕುಂಬಳಕಾಯಿ ತಂದರೆ ಅದು ಸೆಲೀನ್ ಬಾಯಿಯ ಅತ್ತೆಯದಲ್ಲ. ಇದನ್ನೇ ಹಿಂದುಮುಂದು ತಿರುಗಿಸಿದರೆ ಆ ಕಡೆ ನೆಲಕ್ಕೆ ತಾಗಿ ಬೆಳೆದು ಚಪ್ಪಟೆ, ಬಣ್ಣವೂ ಹಳದಿ. ಅವನು ಎಲ್ಲವನ್ನೂ ಲೆಕ್ಕ ಹಾಕಿಯೇ ಎಳೆದಿದ್ದ, ಆ ಒಂದು ಉಸಿರಿನೊಳಗೆ. ಅಷ್ಟು ಬೇಗ ಅಷ್ಟು ಲೆಕ್ಕ ಹಾಕಬಲ್ಲ ತಲೆ ತನಗೆ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಗುರ ಹೋಗಿ ಹೆದರಿಕೆ ಬಂತು. ಅದು ಹೋದ ಮೇಲೆ ನಾಚಿಕೆ. ನಾಚಿಕೆಯನ್ನೂ ದಾಟಿ ಮತ್ತೆ ಅದೇ ಹೊಟ್ಟೆಕಿಚ್ಚು ಬಂದು ಕುಳಿತಿತು, ಇದು ನನ್ನದೇ ಮನೆ ಎನ್ನುವ ಹಾಗೆ. ಸಂಜೆ ಕುಶಲಾ ಮನೆಗೆ ಬಂದಾಗ, "ಏನಾಯ್ತು?" ಎಂದು ಕೇಳಲು ಬಾಯಿ ಬರಲಿಲ್ಲ. ಮೀನು ತಂದಿದ್ದಳು, ಸಾರು ಮಾಡಿದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಇಬ್ಬರಿಗೂ ಕರೆಯಿತ್ತು. ದೇವದಾಸ ತಲೆನೋವು ಎಂದ. ಕುಶಲಾ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ, "ಬನ್ನಿ" ಎಂದಳು. ಅವನು ಅಂಗಿ ತೊಟ್ಟ.

ಪೊರ್ಬುಗಳ ಮನೆಯ ಮುಂದಿನ ಕೋಣೆಯಲ್ಲಿ ಪರದೆಗಳನ್ನು ಎಳೆದಿದ್ದರು. ನೆಂಟರು ಮೇಜಿನ ಸುತ್ತ ನಿಂತಿದ್ದರು. ದೇವದಾಸ ಅವರ ಹೆಗಲುಗಳ ನಡುವಿನಿಂದ ಕತ್ತು ಚಾಚಿದ.

ಕುಂಬಳಕಾಯಿ ಅದೇ ಮುಖ ಮುಂದೆ ಮಾಡಿ ಕುಳಿತಿತ್ತು. ಕೆಳಗಿನ ಅರ್ಧದಲ್ಲಿ ಕಮಾನಿನ ಬಾಗಿಲು ತೆರೆದು, ಒಳಗೆಲ್ಲ ಕೊರೆದು, ಬೆಳ್ಳಗಿನ ಗುಹೆ. ಗುಹೆಯಲ್ಲಿ ಮರಿಯಮ್ಮ, ಜೋಸೆಫರು, ಕುರಿಗಳು, ಹುಲ್ಲಿನ ಮೇಲೆ ಮಗು. ಅವನ ಗಾಯ ಅಲ್ಲಿಯೇ ಇತ್ತು. ಅದನ್ನು ಅವಳು ಮುಚ್ಚಿರಲಿಲ್ಲ. ಅದರ ಮೇಲಿನ ತುದಿಯಲ್ಲಿ ಒಂದು ನಕ್ಷತ್ರ ಕೊರೆದಿದ್ದಳು. ಗಾಯದ ಎರಡೂ ಅಂಚುಗಳನ್ನು ಸಣ್ಣ ಸಣ್ಣ ಗರಿಗಳಾಗಿ ಬಿಡಿಸಿದ್ದಳು. ನಕ್ಷತ್ರಕ್ಕೆ ಉದ್ದನೆಯ ಬಾಲ ಬಂದು, ಅದು ಆಕಾಶದಿಂದ ಓರೆಯಾಗಿ ಇಳಿದು ಗುಹೆಯ ನೆತ್ತಿಯ ಮೇಲೆ ನಿಂತಿತ್ತು. ಒಳಗೊಂದು ಪುಟ್ಟ ಬಲ್ಬು ಉರಿಯುತ್ತಿತ್ತು. ಚೂರಿಯನ್ನು ಹಿಡಿಯವರೆಗೆ ಇಳಿಸಿದ್ದರಿಂದಲೇ ಬೆಳಕು ಆ ಸೀಳಿನುದ್ದಕ್ಕೂ ಹೊರಗೆ ಬರುತ್ತಿತ್ತು. ಬರೀ ಸಿಪ್ಪೆ ಗೀರಿದ್ದರೆ ಬರುತ್ತಿರಲಿಲ್ಲ.

"ಕುಶಲಕ್ಕ, ಈ ಬಾಲದ ಐಡಿಯಾ ಹೇಗೆ ಬಂತು ನಿಮಗೆ?" ಎಂದು ಕೇಳಿದಳು ಮೆಲಿಷಾ.

ಕುಶಲಾ ಸೆರಗು ಸರಿಮಾಡಿಕೊಂಡಳು. "ಆ ಗೆರೆ ಇವರದ್ದು" ಎಂದಳು. "ನಮ್ಮಲ್ಲಿ ಕುಂಬಳಕಾಯಿಗೆ ಮೊದಲ ಚೂರಿ ಗಂಡಸರೇ ಹಾಕುವುದು. ಇವರು ಹಾಕಿದ್ದನ್ನು ನಾನು ಹಾಗೆಯೇ ಇಟ್ಟುಕೊಂಡೆ ಅಷ್ಟೇ."

ಎಲ್ಲರೂ ತಿರುಗಿ ಅವನನ್ನು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಲೂಯಿಸ್ ಪೊರ್ಬುಗಳು ಅವನ ಹೆಗಲ ಮೇಲೆ ಕೈಯಿಟ್ಟರು, ವರ್ಷವಿಡೀ ಕಾಯುತ್ತಿದ್ದ ಅದೇ ಕೈ.

"ನಿನ್ನೆ ನಾವೆಲ್ಲ ಹಾಳಾಯ್ತು ಅಂತ ಗ್ರಹಿಸಿದ್ದು! ಹೀಗೆ ಎಳೆಯುವಾಗ ಮನಸ್ಸಿನಲ್ಲಿ ಎಂತ ಇತ್ತು ದೇವಣ್ಣ, ಹೇಳಿ ನೋಡುವ."

"ಜಾರಿದ್ದು! ಚೂರಿ ಜಾರಿದ್ದು, ಬೇಕಂತ ಮಾಡಿದ್ದಲ್ಲ" ಎಂದುಬಿಟ್ಟ ದೇವದಾಸ. ಬೇಕಂತ ಮಾಡಿದ್ದು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಹೆಗಲ ಮೇಲೆ ಪೊರ್ಬುಗಳ ಕೈಯೇ ಇದ್ದುದರಿಂದ ಮುಟ್ಟಿಕೊಳ್ಳಲು ಜಾಗವಿರಲಿಲ್ಲ.

ಜನ ಅದನ್ನು ವಿನಯವೆಂದುಕೊಂಡು ಇನ್ನಷ್ಟು ನಕ್ಕರು. ಸೆಲೀನ್ ಬಾಯಿ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನಿನ ಗ್ಲಾಸು ತಂದು ಅವನ ಕೈಗಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ಹಂಸ ಮಾಡಿದ್ರಿ ದೇವಣ್ಣ, ಚಂದವೇ ಇತ್ತು. ಆದರೆ ನನ್ನ ಕೇಳಿದರೆ ನೀವು ಮಾಡಿದ್ದರಲ್ಲೆಲ್ಲ ಇದೊಂದು ಗೆರೆ ಮೇಲು. ಅತ್ತೆ ಇದ್ದಿದ್ದರೆ ನಿಮ್ಮ ಕೈ ಹಿಡಿದು ಮುದ್ದು ಕೊಡ್ತಿದ್ರು."

ವೈನು ಸಿಹಿಯಾಗಿತ್ತು. ದೇವದಾಸ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ. ತನ್ನ ಕೈಯಿಂದ ಬಂದ ಎಲ್ಲಕ್ಕಿಂತ ಒಳ್ಳೆಯ ಕೆಲಸವಂತೆ, ಅದನ್ನು ಅವನು ಮಾಡಿದ್ದು ಹೆಂಡತಿಯ ಮುಖಕ್ಕೆ ಮಸಿ ಬಳಿಯಲು. ಬಳಿದ ಮಸಿಯಲ್ಲೇ ಅವಳು ಕಾಡಿಗೆ ತೀಡಿಕೊಂಡಳು. ಕುಂಬಳಕಾಯಿಯ ಮೇಲೆ ಬೆಳಗುತ್ತಿದ್ದ ಆ ಸೀಳನ್ನು ಕಂಡು ಅವನಿಗೆ ಅದರ ಮೇಲೂ ಅಸೂಯೆ ಹುಟ್ಟಿತು. ಎಳೆದದ್ದು ತಾನೇ, ಆದರೂ ಅದು ತನ್ನದಲ್ಲ.

ಹಿಂದಿರುಗುವಾಗ ಕುಶಲಾಳ ಮಡಿಲಲ್ಲಿ ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆಯಿತ್ತು, ಮೇಲೆ ಕಸೂತಿ ಬಟ್ಟೆ ಹೊದಿಸಿತ್ತು. ರಿಕ್ಷಾದಲ್ಲಿ ದೇವದಾಸ ಬೈಗುಳಕ್ಕಾಗಿ ಕಾದ. ಹೆದ್ದಾರಿ ದಾಟುವಾಗ ಕಾದ. ಮನೆಯ ಅಂಗಳದಲ್ಲಿ ಕಾದ. ಒಮ್ಮೆ ಕೇಳಿಬಿಡಲಿ, ಯಾಕೆ ಹೀಗೆ ಮಾಡಿದಿರಿ ಎಂದು! ಕೇಳಿದ್ದರೆ ಅವನು ಕಿರುಚುತ್ತಿದ್ದನೋ ಅಳುತ್ತಿದ್ದನೋ, ಎರಡರಲ್ಲಿ ಒಂದಂತೂ ಆಗುತ್ತಿತ್ತು. ಕುಶಲಾ ತಟ್ಟೆಯಿಂದ ಒಂದು ಗುಳಿಯೊ ಉಂಡೆ ತೆಗೆದು ಅವನಿಗೆ ಕೊಟ್ಟು, ಉಳಿದದ್ದನ್ನು ತೃಷಾಳಿಗೆಂದು ಡಬ್ಬಿಗೆ ಹಾಕಿದಳು.

ಜನವರಿಯಲ್ಲಿ ಉಡುಪಿಯ ಮದುವೆಯೊಂದು ಬಂತು. ಹಂಸವೂ ಬೇಕು, ಮಲ್ಲಿಗೆಯೂ ಬೇಕು ಎಂದಿದ್ದರು. ಫೋನು ಬಂದದ್ದು ದೇವದಾಸನಿಗೆ. "ಅವಳೂ ಬರ್ತಾಳೆ" ಎಂದು ಅವನೇ ಹೇಳಿದ. ಆ ಹಳೆಯ ಹೊಟ್ಟೆಕಿಚ್ಚೇನೂ ಎಲ್ಲಿಗೂ ಹೋಗಿರಲಿಲ್ಲ. ಆದರೂ ಹೇಳಿದ. ಹಿಂದಿನ ದಿನ ಅಂಗಳದಲ್ಲಿ ಚಾಪೆ ಹಾಸಿ ಕುಳಿತರು. ಹಂಸಕ್ಕೆಂದು ಒಂದು ಕುಂಬಳಕಾಯಿ, ಕುಶಲಾಳ ಹೂಬುಟ್ಟಿಗೆಂದು ಇನ್ನೊಂದು. ಅವನು ತನ್ನದಕ್ಕೆ ಚೂರಿ ಹಾಕಿದ. ಆಮೇಲೆ ಅವಳ ಕಡೆ ತಿರುಗಿ, ಎಂದಿನಂತೆ ಕೈ ಚಾಚಿದ.

ಕುಶಲಾ ಕೂಡಲೇ ಚೂರಿ ಕೊಡಲಿಲ್ಲ. ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ತೊಟ್ಟಿನ ಬಳಿಯ ಬೂದಿಯನ್ನು ಸೆರಗಿನಿಂದ ಒರೆಸಿದಳು. ಅವನ ಅಂಗಿಯ ಕಿಸೆಯಿಂದ ಬಾಲ್ ಪೆನ್ನು ತೆಗೆದಳು. ತೊಟ್ಟಿನ ಕೆಳಗೆ ಉಗುರಿನಷ್ಟು ಉದ್ದದ ಒಂದು ಗೆರೆ ಎಳೆದಳು. ಗೆರೆಯ ತುದಿಗೆ ಚಿಕ್ಕದೊಂದು ಅಡ್ಡಗೆರೆ ಹಾಕಿದಳು. ಪೆನ್ನನ್ನು ಮತ್ತೆ ಅವನ ಕಿಸೆಗೆ ಸಿಕ್ಕಿಸಿ, ಚೂರಿ ಕೊಟ್ಟಳು.

ದೇವದಾಸ ಆ ನೀಲಿ ಗೆರೆಯನ್ನು ನೋಡಿದ. ತಲೆ ಎತ್ತಿದರೆ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಚೂರಿಯ ಮೇಲಿತ್ತು.

ಅವನು ಗೆರೆಯ ಮೇಲೆ ಚೂರಿಯಿಟ್ಟು ನಿಧಾನವಾಗಿ ಎಳೆದ. ಅಡ್ಡಗೆರೆ ಬಂದಲ್ಲಿ ನಿಲ್ಲಿಸಿದ.

"ಸಾಕಾ?" ಎಂದು ಕೇಳಿದ.

"ಸಾಕು" ಎಂದಳು ಕುಶಲಾ. ಕುಂಬಳಕಾಯಿಯನ್ನು ತನ್ನ ಕಡೆಗೆ ಎಳೆದುಕೊಂಡಳು.